ಗಿರಣಿ ಮನೆಯ ಹಾಲು

ಮಾರ್ಚ್ 9

ಅಪ್ಪಾ,

ಬಂದು ಸೇರಿದೆ. ಕೊನೆಯ ತಿರುವಿನಲ್ಲಿ ಜೀಪಿನವನು, "ಇನ್ನು ಇಳಿಯೋ ಮನಸ್ಸಾದ್ರೆ ಗುರುವಾರದವರೆಗೂ ತಡ್ಕೋಬೇಕು ಮೇಡಂ" ಅಂದ. ವಾರಕ್ಕೊಮ್ಮೆ ಅವನೇ ಸಾಮಾನು ತರುತ್ತಾನೆ, ಟಪಾಲು ತರುತ್ತಾನೆ, ನಮ್ಮ ಟಪಾಲು ಒಯ್ಯುತ್ತಾನೆ. ಉಳಿದ ದಿನ ಈ ಗುಡ್ಡಕ್ಕೂ ಲೋಕಕ್ಕೂ ಮಾತಿಲ್ಲ. ರೇಡಿಯೋ ಒಂದಿದೆ, ಆದರೆ ಅದರಲ್ಲಿ ಹವಾಮಾನ ಬಿಟ್ಟು ಬೇರೆ ಸೊಲ್ಲೆತ್ತುವ ಹಾಗಿಲ್ಲ. ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದೇ ಹಾಕಿದ್ದಾರೆ.

ಎರಡು ಕೋಣೆ. ಗಾಳಿಗೆ ಹಾರಿಹೋಗದಿರಲೆಂದು ತಗಡಿನ ಚಾವಣಿಯನ್ನು ಕಬ್ಬಿಣದ ಹಗ್ಗದಿಂದ ನೆಲಕ್ಕೆ ಕಟ್ಟಿದ್ದಾರೆ. ಹೊರಗೆ ಬೇಲಿಯೊಳಗೆ ಮಳೆ ಅಳೆಯುವ ಪಾತ್ರೆ, ಗಾಳಿಗೆ ಗಿರಗಿರ ತಿರುಗುವ ಬಟ್ಟಲುಗಳು, ಬಿಳಿ ಪೆಟ್ಟಿಗೆಯಲ್ಲಿ ತಾಪಮಾಪಕ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲವನ್ನೂ ನೋಡಿ ಕೆಳಗಿನ ಕಚೇರಿಗೆ ಒಪ್ಪಿಸುವುದೇ ಕೆಲಸ. ಗಾಳಿ ಬಂದಾಗ ತೂರಿಕೋ ಅನ್ನುತ್ತಿದ್ದೆಯಲ್ಲ, ಇಲ್ಲಿ ತೂರಲು ನಿಂತರೆ ಕಾಳಿನ ಜೊತೆ ನೀನೂ ಹೋಗುತ್ತೀಯ. ನನ್ನ ಜೊತೆ ಒಬ್ಬ ಹಿರಿಯ ವೀಕ್ಷಕರಿದ್ದಾರೆ. ನಿವೃತ್ತಿಗೆ ಹತ್ತಿರ. ನಿನಗೆ ಹೇಳಿ ಮಾಡಿಸಿದ ಜೋಡಿ. ನೀನು ಮಾತು ನಿಲ್ಲಿಸುವುದಿಲ್ಲ, ಅವರು ಶುರು ಮಾಡುವುದಿಲ್ಲ.

ನಿನ್ನ ಬಳಿ ಬಿಟ್ಟುಬಂದ ನನ್ನ ಕೂಸು ಕಾಳು ಹೇಗಿದ್ದಾಳೆ? ಆಸ್ಪತ್ರೆಯಲ್ಲಿ ಅವಳು ಹಳದಿಯಾಗಿ, ಕುಡಿದದ್ದನ್ನೆಲ್ಲ ಕಕ್ಕಿ ಒಣಕಾಳಿನ ಹಾಗೆ ಬತ್ತಿಹೋಗಿದ್ದಾಗ ನೀನು ಇಟ್ಟ ಹೆಸರೇ ನಿಂತುಬಿಟ್ಟಿತು ನೋಡು. ನಿಜವಾದ ಹೆಸರು ನನಗೂ ಒಮ್ಮೊಮ್ಮೆ ಮರೆಯುತ್ತದೆ.

ಇದನ್ನು ಅಪ್ಪನಿಗೆ ಬರೆಯಬಾರದೇನೋ. ಅಮ್ಮ ಇದ್ದಿದ್ದರೆ ಅವಳಿಗೆ ಬರೆಯುತ್ತಿದ್ದೆ. ಹಾಲು ಇನ್ನೂ ಪೂರ್ತಿ ಬತ್ತಿಲ್ಲ. ಜೀಪು ಹಳ್ಳಕ್ಕೆ ಇಳಿದು ಕುಲುಕಿದಾಗಲೆಲ್ಲ ರವಿಕೆ ಒದ್ದೆ. ಹಾಲಿನಲ್ಲಿರುವ ಸಕ್ಕರೆ ಈ ಮಗುವಿನ ಮೈಗೆ ಅರಗುವುದಿಲ್ಲ, ಹಸುವಿನದೂ ಅಷ್ಟೇ, ತಾಯಿಯದೂ ಅಷ್ಟೇ, ಇನ್ನು ಜೀವನಪೂರ್ತಿ ಅದು ವಿಷ ಅಂತ ಡಾಕ್ಟರಮ್ಮ ನನಗೆ ಹೇಳಿದರು. ನನ್ನ ಮೈಗೆ ಮಾತ್ರ ಯಾರೂ ಹೇಳಿಲ್ಲ.

ಡಬ್ಬಿಯ ಸೋಯಾ ಪುಡಿ ಬಿಟ್ಟು ಬೇರೇನೂ ಬೇಡ, ಮರೆಯಬೇಡ. ನೀರು ಕುದಿಸು. ಚಮಚದ ತಲೆ ಸವರು.

ಗುಡ್ಡ ಹತ್ತಿದ ನಿನ್ನ ಮಗಳು


ಮಾರ್ಚ್ 20

ಮಗಳೇ,

ಹಿಟ್ಟಿನ ಕೈಯಲ್ಲೇ ಬರೆಯುತ್ತಿದ್ದೇನೆ, ಕಾಗದ ಕೊಡವಿಕೊಂಡು ಓದು.

ನಿನ್ನ ಮಗಳು ರಾಣಿಯ ಹಾಗಿದ್ದಾಳೆ. ಗಿರಣಿಯ ಪಕ್ಕದ ಚೀಲದ ಕೋಣೆಯಲ್ಲಿ ತೊಲೆಗೆ ತೊಟ್ಟಿಲು ಕಟ್ಟಿದ್ದೇನೆ. ಮೋಟಾರು ಶುರುವಾದರೆ ನಿದ್ದೆ, ನಿಂತರೆ ಕಣ್ಣು ಬಿಡುತ್ತಾಳೆ. ಕರೆಂಟು ಹೋದರೆ ಗಿರಾಕಿಗಳಿಗಿಂತ ಮೊದಲು ಇವಳು ಬೊಬ್ಬೆ ಹಾಕುತ್ತಾಳೆ. ನಿನಗೆ ಲಾಲಿ ಹಾಡಿ ಹಾಡಿ ನಿನ್ನಮ್ಮನ ಗಂಟಲು ಕಟ್ಟುತ್ತಿತ್ತು, ಇವಳಿಗೆ ಬೀಸುವ ಕಲ್ಲೇ ಸಾಕು. ರಕ್ತ ಎಲ್ಲಿ ಹೋಗುತ್ತದೆ!

ನಿನ್ನ ಗಂಡ, ಲಾರಿ ಸರದಾರ, ಮೊನ್ನೆ ಬಂದಿದ್ದ. ಪಟ್ಟಣದಿಂದ ಡಬ್ಬಿಗಳನ್ನು ತಂದು ಜೋಡಿಸಿಟ್ಟ. ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಲಾರಿಯ ಹಾರ್ನ್ ಒತ್ತಿಸಿ, ಬೀದಿಯವರ ಹತ್ತಿರ ಬೈಸಿಕೊಂಡು ಹೋದ. ಇನ್ನು ದೂರದ ಬಾಡಿಗೆಯಂತೆ, ಯಂತ್ರ ಸಾಗಿಸುವುದು, ಬರುವುದು ತಡವಂತೆ.

ಪುಡಿ ನೀನು ಕಲಿಸಿದ ಹಾಗೇ ಕಲಸುತ್ತೇನೆ, ಚಾಕುವಿನ ಬೆನ್ನಿಂದ ಚಮಚದ ತಲೆ ಸವರಿ. ಆದರೆ ಒಂದು ಮಾತು ಹೇಳಲೇ? ಬೇರೆಯವರು ಬೀಸಿದ ಹಿಟ್ಟನ್ನು ಈ ಕೈ ಇವತ್ತಿನವರೆಗೂ ಮನೆಯೊಳಗೆ ತಂದಿಲ್ಲ. ಕಾಳಾದರೆ ಕಣ್ಣಿಗೆ ಕಾಣುತ್ತದೆ. ಹುಳ ಇದ್ದರೆ ಹುಳ, ಕಲ್ಲಿದ್ದರೆ ಕಲ್ಲು. ಪುಡಿಯಾದ ಮೇಲೆ ಯಾರು ಏನು ಸೇರಿಸಿದರೋ ಯಾರಿಗೆ ಗೊತ್ತು? ಈ ಡಬ್ಬಿಯ ಮುಚ್ಚಳ ತೆಗೆಯುವಾಗಲೆಲ್ಲ ನನಗೆ ಕೈ ಸ್ವಲ್ಪ ಹಿಂಜರಿಯುತ್ತದೆ.

ಬೇಕರಿಯಮ್ಮ ಗೋಧಿ ಹೊತ್ತು ಬಂದವಳು ತೊಟ್ಟಿಲು ಇಣುಕಿ, "ಹಾಲು ಕುಡಿದ ಮಕ್ಳೇ ಬದುಕೋದು ಕಷ್ಟ, ಇನ್ನು ಇಂಥದ್ದು ಕುಡಿದ ಮಕ್ಳು..." ಅಂತ ಗಾದೆ ಎತ್ತಿದಳು. "ನಮ್ಮ ಮನೇಲಿ ಗಾದೆ ತಲೆಕೆಳಗು ಕಣಮ್ಮ, ನಿನ್ನ ಗೋಧಿ ಎತ್ಕೊ" ಅಂದೆ. ನೋಡಿದರೆ ಮಗುವಿನ ಮೂಗು ನಿನ್ನ ಹಾಗೇ ಮೊಂಡು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಹೆತ್ತವರನ್ನು ಹೆತ್ತವನಿಗೆ ಇನ್ನೂ ಮುದ್ದು.

ಯಾವಾಗ ಬರುತ್ತೀ ಅಂತ ಕೇಳುವುದಿಲ್ಲ. ಕೇಳಿದರೆ ನೀನು ಗಾಳಿಯ ವಿಷಯ ಬರೆಯುತ್ತೀ.

ನಿನ್ನ ಅಪ್ಪ, ಅವಳ ದಾದಿ


ಏಪ್ರಿಲ್ 24

ಅಪ್ಪಾ,

ನೀನು ಕಳಿಸಿದ ಫೋಟೋ ಬಂತು. ಅದರಲ್ಲಿ ನಿನ್ನ ಹೆಬ್ಬೆರಳು ಅರ್ಧ ಇದೆ, ಕಾಳು ಅರ್ಧ ಇದ್ದಾಳೆ. ಇಷ್ಟು ವರ್ಷವಾದರೂ ಕ್ಯಾಮೆರಾ ಹಿಡಿಯುವುದು ಕಲಿಯಲಿಲ್ಲ ನೀನು. ಆದರೂ ಒಂದು ಕಿವಿ ಪೂರ್ತಿ ಕಾಣುತ್ತದೆ. ಆ ಕಿವಿಯನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಗಾಳಿಗೆ ಅದು ಅಲುಗಿದಾಗ ಅವಳು ತಲೆ ತಿರುಗಿಸಿದಳೇನೋ ಅನ್ನಿಸಿ ಎದ್ದು ಕೂರುತ್ತೇನೆ. ನನಗೆ ಅವಳು ಬೇಕು ಅಪ್ಪಾ. ಅವಳ ನೆತ್ತಿಯ ವಾಸನೆ ಬೇಕು. ಕೆಲಸ ಮಾಡುವಾಗ, ಉಣ್ಣುವಾಗ, ಹಿರಿಯರು ಮೋಡದ ಹೆಸರು ಹೇಳಿಕೊಡುವಾಗ, ಎಲ್ಲಾ ಹೊತ್ತಿನಲ್ಲೂ ಬೇಕು.

ಒಂದು ವಿಷಯ. ಹೋದ ವಾರ ಸಾಮಾನಿನ ಜೊತೆ ಗಾಜಿನ ಬುಡ್ಡಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಳಿಸಿದ್ದರು. ಬಿಚ್ಚುವಾಗ ಒಂದು ತುಂಡಿನಲ್ಲಿ "ಸೋಯಾ" ಅಂತ ಕಂಡಿತು. ಸೋಯಾದಲ್ಲಿ ಹೆಣ್ಣಿನ ಹಾರ್ಮೋನನ್ನು ಹೋಲುವ ಅಂಶ ಇದೆಯಂತೆ. ಅದನ್ನೇ ಕುಡಿದು ಬೆಳೆದ ಹೆಣ್ಣುಮಕ್ಕಳು ಬೇಗ ದೊಡ್ಡವರಾಗಬಹುದೋ, ಮುಂದೆ ಗರ್ಭಕೋಶಕ್ಕೆ ತೊಂದರೆಯೋ ಎಂದು ಕೆಲವರು ಹೇಳುತ್ತಾರಂತೆ. ಕೆಲವರು ಇಲ್ಲ ಅಂತಾರಂತೆ. ಅಷ್ಟರಲ್ಲಿ ಪೇಪರು ಹರಿದಿದೆ. ಮುಂದಿನ ತುಂಡಿಗಾಗಿ ಪೆಟ್ಟಿಗೆಯನ್ನೆಲ್ಲ ಕೆದಕಿದೆ, ಸಿಗಲಿಲ್ಲ. ಉಳಿದದ್ದು ಕೆಳಗೆ ಯಾರ ಮನೆಯ ಬುಡ್ಡಿಗೆ ಸುತ್ತಿಕೊಂಡಿದೆಯೋ.

ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಡಾಕ್ಟರಮ್ಮನಿಗೆ ತೋರಿಸಿ ಕೇಳು. ನನ್ನದನ್ನು ಕೊಡಲಾಗಲಿಲ್ಲ. ಕೊಟ್ಟದ್ದಾದರೂ ಕೆಡುಕಾಗದಿರಲಿ ಅನ್ನಿಸುತ್ತದೆ. ಕೇಳಿ ತಕ್ಷಣ ಬರೆ, ಹೆದರಿಕೆಯಿಂದ ತುತ್ತು ಇಳಿಯುತ್ತಿಲ್ಲ.

ನಿನ್ನ ಮಗಳು


ಮೇ 8

ಮಗಳೇ,

ಪೇಪರಿನ ತುಂಡು ಓದಿದೆ. ಕನ್ನಡಕ ಹಾಕಿಕೊಂಡು ಓದಿದೆ, ತೆಗೆದು ಓದಿದೆ. ನೀನು ಊಟ ಬಿಡಬೇಡ.

ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ರಜೆಯಂತೆ, ಬರಲು ದಿನ ಹಿಡಿಯುತ್ತದಂತೆ. ಅವರ ಜಾಗದಲ್ಲಿ ಯಾರೋ ಇದ್ದರು, ಸಾಲು ಬೀದಿಯವರೆಗೂ ಇತ್ತು. ತಿರುಗಿ ಬಂದೆ. ಬಂದು ತೊಟ್ಟಿಲ ಪಕ್ಕ ಕೂತು ಯೋಚನೆ ಮಾಡಿದೆ.

ನನಗೆ ಒಂದು ದಾರಿ ಹೊಳೆದಿದೆ. ನೀನು ಇನ್ನು ಈ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಎಲ್ಲ ನಾನು ನೋಡಿಕೊಳ್ಳುತ್ತೇನೆ. ನಿನ್ನ ಮಗುವಿಗೆ ಕೆಡುಕಾಗುವುದನ್ನು ಈ ಮನೆಯೊಳಗೆ ಬಿಡುವುದಿಲ್ಲ, ಮಾತು ಕೊಟ್ಟಿದ್ದೇನೆ.

ಪೇಪರನ್ನು ಒಲೆಗೆ ಹಾಕಿದೆ.

ಅಪ್ಪ


ಜೂನ್ 12

ಮಗಳೇ,

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ಕೆಲಸ ಜಾಸ್ತಿಯಾಗಿದೆ. ಅದೇನು ಕೆಲಸ ಅಂತ ಈಗ ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡು ನನಗೂ ಸಾಕಾಗಿದೆ.

ಈಗ ನಮ್ಮ ಗಿರಣಿ ಮನೆಯೇ ಕಾಳುವಿನ ಹಸು!

ನಗಬೇಡ, ಕೇಳು. ಡಬ್ಬಿಯದನ್ನು ಬಿಟ್ಟೇಬಿಟ್ಟೆ. ಸಂತೆಗೆ ಹೋಗಿ ಸೋಯಾ ಕಾಳನ್ನೇ ಆರಿಸಿ ತಂದೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಸಂಜೆ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ತೆಗೆದು, ನಿನ್ನಮ್ಮನ ಕೈ ಒರಳಲ್ಲಿ ನುಣ್ಣಗೆ ರುಬ್ಬುತ್ತೇನೆ. ಮೆತ್ತನೆಯ ಬಟ್ಟೆಯಲ್ಲಿ ಸೋಸಿ, ಮೂರು ಉಕ್ಕು ಬರಿಸಿ, ಹೊಟ್ಟೆಗೆ ಹಗುರವಾಗಲೆಂದು ನೀರು ಸೇರಿಸಿ ಆರಿಸುತ್ತೇನೆ. ಹಾಲಿನ ಬಣ್ಣ, ಹಾಲಿನ ನೊರೆ. ಯಾವ ಕಾರ್ಖಾನೆಯ ಹಾರ್ಮೋನೂ ಇಲ್ಲ, ಯಾರೂ ಬೆರೆಸಿದ್ದಿಲ್ಲ. ಬೇಕರಿಯಮ್ಮ ಕೂಡ ಬೆರಳಿಟ್ಟು ನೆಕ್ಕಿ, "ಇದು ಊಟ ಅಂದ್ರೆ" ಅಂದಳು. ಡಬ್ಬಿಗಳನ್ನು ಅಟ್ಟಕ್ಕೆ ಹಾಕಿದ್ದೇನೆ.

ಕಾಳು ಎಷ್ಟು ಬದಲಾಗಿದ್ದಾಳೆ ಗೊತ್ತಾ? ಅಳುವುದೇ ಇಲ್ಲ. ಕರೆಂಟು ಹೋದರೂ ಸುಮ್ಮನಿರುತ್ತಾಳೆ. ಪುಟ್ಟ ಸನ್ಯಾಸಿಯ ಹಾಗೆ ಬಿದ್ದುಕೊಂಡು ತೊಲೆ ನೋಡುತ್ತಾಳೆ. ಪಾದಗಳು ತುಂಬಿಕೊಂಡಿವೆ, ಒತ್ತಿದರೆ ಕುಳಿ ಬೀಳುವಷ್ಟು. ಇನ್ನೊಂದು ಕೇಳಿದರೆ ನೀನು ನಕ್ಕುಬಿಡುತ್ತೀ. ಗಿರಣಿಯ ತಾಳ ಅವಳ ಮೈಗೇ ಹತ್ತಿದೆ. ಬೆರಳುಗಳು ಸಣ್ಣಗೆ ಕುಣಿಯುತ್ತಿರುತ್ತವೆ, ಮೋಟಾರು ನಿಂತ ಮೇಲೂ. ಗಿರಣಿಯವನ ಮೊಮ್ಮಗಳು ಅಂತ ಯಾರೂ ಹೇಳಬೇಕಾಗಿಲ್ಲ.

ಇನ್ನು ನೀನು ನೆಮ್ಮದಿಯಾಗಿ ಊಟ ಮಾಡು.

ನಿನ್ನ ಅಪ್ಪ, ಹಸು ಸಾಕಿದವನು


ಜೂನ್ 18

ಅಪ್ಪಾ,

ಈ ಕಾಗದ ಸೇರುವ ಮೊದಲೇ ನಿನ್ನ ಬಾಗಿಲಿಗೆ ಡಾಕ್ಟರಮ್ಮ ಬಂದಿರಬೇಕು. ಬಂದಿರದಿದ್ದರೆ ಓದುವುದನ್ನು ನಿಲ್ಲಿಸಿ ಮಗುವನ್ನೆತ್ತಿಕೊಂಡು ಓಡು.

ನಿನ್ನ ಪತ್ರ ಇವತ್ತು ಜೀಪಿನಲ್ಲಿ ಬಂತು. ಬೇಲಿಯ ಹತ್ತಿರ ನಿಂತೇ ಓದಿದೆ. "ಹಸು" ಎಂಬಲ್ಲಿ ಗಾಬರಿಯಾಯಿತು. "ಮೋಟಾರು ನಿಂತ ಮೇಲೂ" ಎಂಬಲ್ಲಿಗೆ ಬಂದು ಅದೇ ಸಾಲನ್ನು ಮತ್ತೆ ಓದಿದೆ. ಅಳದ ಮಗು ಸುಖವಾಗಿರುವ ಮಗು ಅಂತ ನಿನಗೆ ಯಾರು ಹೇಳಿದರು? ಮನೆಯಲ್ಲಿ ಮಾಡುವ ಸೋಯಾ ಹಾಲು ಬೇರೆ, ಮಗುವಿನ ಡಬ್ಬಿ ಬೇರೆ, ಎರಡನ್ನೂ ಒಂದು ಅಂದುಕೊಳ್ಳಬೇಡಿ ಎಂದು ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದಾಗ ನೀನು ಹೊರಗೆ ಆಟೋದವನ ಹತ್ತಿರ ಚೌಕಾಸಿ ಮಾಡುತ್ತಿದ್ದೆ. ನಾನು ಬಂದು ನಿನಗೆ ಹೇಳಿದೆನೋ ಇಲ್ಲವೋ, ನೆನಪಾಗುತ್ತಿಲ್ಲ. ಪೇಪರು ದೂರಿದ್ದು ಸೋಯಾ ಕಾಳನ್ನು. ನೀನು ಡಬ್ಬಿಯನ್ನು ಎಸೆದು ಅದೇ ಕಾಳನ್ನು ಕುಡಿಸಿದೆ. ಕೇಳು ಅಂದಿದ್ದೆನಲ್ಲ ಅಪ್ಪಾ. ಹೆದರು ಅಂದಿರಲಿಲ್ಲ.

ಜೀಪು ಹತ್ತಿದರೆ ನಾನು ಮನೆ ಸೇರುವುದು ನಾಳಿದ್ದು. ಮಾತು ಸೇರುವುದಾದರೆ ಈಗಲೇ. ಮಧ್ಯಾಹ್ನದ ವರದಿಯ ಹೊತ್ತಾಗಿತ್ತು. ರೇಡಿಯೋ ಮುಂದೆ ಕೂತೆ. ಹಿರಿಯರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು. ಎದ್ದು ಹೋಗಿ ತಮ್ಮ ಕೋಟು ತೆಗೆದು ಗೋಡೆಯ ಕೆಂಪಕ್ಷರದ ಮೇಲೆ ನೇತುಹಾಕಿದರು.

ಗಾಳಿ ಹೇಳಿದೆ, ಮೋಡ ಹೇಳಿದೆ, ಮಳೆ ಇಲ್ಲ ಅಂದೆ. ಅದೇ ದನಿಯಲ್ಲಿ, "ನನ್ನ ಮಗುವಿಗೆ ಡಬ್ಬಿ ಹಾಲು ಬಿಡಿಸಿ ಮನೆಯಲ್ಲಿ ರುಬ್ಬಿದ ಸೋಯಾ ಕುಡಿಸುತ್ತಿದ್ದಾರೆ. ಕೈ ನಡುಗುತ್ತಿದೆ, ಕಾಲು ಊದಿದೆ. ಮಕ್ಕಳ ಡಾಕ್ಟರನ್ನು ನಮ್ಮೂರಿನ ಗಿರಣಿ ಮನೆಗೆ ಕಳಿಸಿ" ಅಂದೆ. ಆ ಕಡೆಯವರು ಅಂಕಿಗಳನ್ನು ಹೇಗೆ ತಿರುಗಿ ಒಪ್ಪಿಸುತ್ತಾರೋ ಹಾಗೆಯೇ ನನ್ನ ಮಾತನ್ನು ಒಂದೊಂದಾಗಿ ತಿರುಗಿ ಹೇಳಿದರು. "ಕೈ ನಡುಗುತ್ತಿದೆ. ಸರಿಯೇ?" ಅಂದರು. ಸರಿ ಅಂದೆ. "ಕಾಲು ಊದಿದೆ. ಸರಿಯೇ?" ಅಂದರು. ಸರಿ ಅನ್ನಲು ದನಿ ಬರಲಿಲ್ಲ.

ಜೀಪಿನವನು ಹಾರ್ನ್ ಹಾಕುತ್ತಿದ್ದಾನೆ. "ಬರ್ತೀರಾ ಮೇಡಂ?" ಅಂತ ಕೇಳುತ್ತಿದ್ದಾನೆ. ಕಾಗದ ಅವನ ಕೈಗೆ ಕೊಡುತ್ತೇನೆ.

ಮಗಳು


ಜೂನ್ 27

ಮಗಳೇ,

ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ. ರೇಡಿಯೋದವರು ನಿನಗೆ ಹೇಳಿದ್ದಾರಂತೆ, ಆದರೂ ನನ್ನ ಕೈಯಿಂದಲೂ ತಿಳಿಯಲಿ. ಆಸ್ಪತ್ರೆಯಿಂದ ನಿನ್ನೆ ಮನೆಗೆ ಕರೆತಂದೆವು. ಇವತ್ತು ಬೆಳಿಗ್ಗೆ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.

ಅವತ್ತು ಗಿರಣಿ ಮುಂದೆ ಗಿರಾಕಿಗಳ ಸಾಲಿತ್ತು. ಡಾಕ್ಟರಮ್ಮ ಸ್ಕೂಟರಿನಿಂದ ಇಳಿದವರೇ ಚೀಲಗಳನ್ನು ದಾಟಿಕೊಂಡು ಒಳಗೆ ನುಗ್ಗಿ, "ಮೋಟಾರ್ ನಿಲ್ಸಿ" ಅಂದರು. ನಿಲ್ಲಿಸಿದೆ. ತೊಟ್ಟಿಲ ಮೇಲೆ ಬಗ್ಗಿ ಅವಳ ಬೆರಳು ನೋಡುತ್ತಾ ನಿಂತರು. ನಾನು ಮೂರ್ಖ, "ತಾಳ ಹಾಕ್ತಾಳೆ ಡಾಕ್ಟ್ರೆ" ಅಂದೆ.

"ತಾಳ ಅಲ್ಲ ಅಜ್ಜ. ಮೈಯಲ್ಲಿ ಸುಣ್ಣದಂಶ ಇಳಿದುಹೋಗಿ ನರ ಎಳೀತಿದೆ. ಇನ್ನು ಸ್ವಲ್ಪ ತಡ ಆಗಿದ್ರೆ ಫಿಟ್ಸ್ ಬರ್ತಿತ್ತು" ಅಂದರು. ತೂಕ ಹಾಕಿದರೆ, ನಾನು ತುಂಬಿಕೊಂಡಿದ್ದಾಳೆ ಅಂದುಕೊಂಡದ್ದೆಲ್ಲ ನೀರು. ಒಳಗೆ ಮಗು ಕರಗಿಹೋಗಿತ್ತು.

ಆಸ್ಪತ್ರೆಯಲ್ಲಿ ಅವರು ಬೈದು ಸುಸ್ತಾಗಿ ಕೂತ ಮೇಲೆ ನಿನ್ನ ಪೇಪರಿನ ವಿಷಯ ಕೇಳಿದೆ. ನಿನ್ನ ಕಾಗದ ಬಂದಾಗಲೇ ಸಾಲಿನಲ್ಲಿ ಕಾದು ಕೇಳಬೇಕಿತ್ತು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಆ ಅಂಶ ಸೋಯಾದಲ್ಲಿರೋದು ನಿಜ. ಡಬ್ಬೀಲೂ ಇದೆ, ನೀವು ರುಬ್ಬಿದ್ರಲ್ಲೂ ಇತ್ತು. ಅದು ದೊಡ್ಡ ಕೆಡುಕು ಮಾಡಿದ್ದು ಇವತ್ತಿನವರೆಗೂ ಗಟ್ಟಿಯಾಗಿ ಕಂಡಿಲ್ಲ, ಇನ್ನೂ ನೋಡ್ತಾ ಇದ್ದಾರೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ನಾವು ಕೊಡಲ್ಲ. ತಾಯಿ ಹಾಲು ಅರಗೋ ಮಕ್ಕಳಿಗೂ ಸುಮ್ಸುಮ್ನೆ ಕೊಡಿ ಅನ್ನಲ್ಲ. ಆದ್ರೆ ನಿಮ್ಮ ಮಗೂಗೆ ಅದೇ ಜೀವ. ಎಳೇ ಮೂಳೆಗೆ ಬೇಕಾದ ಸುಣ್ಣ, ಕಬ್ಬಿಣ, ಕೊಬ್ಬು ಎಲ್ಲ ಡಬ್ಬೀಲಿ ಅಳೆದು ಸೇರಿಸಿರ್ತಾರೆ. ನಿಮ್ಮ ಒರಳಲ್ಲಿ ಬರೀ ಕಾಳಿತ್ತು, ನೀರಿತ್ತು."

ಯಾರೋ ಏನೋ ಬೆರೆಸಿರುತ್ತಾರೆ ಅಂತ ಹೆದರಿದ್ದೆನಲ್ಲ. ಬೆರೆಸಿದ್ದೇ ಅವಳನ್ನು ಉಳಿಸುತ್ತಿತ್ತಂತೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಿರಾಕಿಗಳಿಗೆ ಜೀವಮಾನವೆಲ್ಲ ಹೇಳಿದವನು ನಾನು.

ನಿನ್ನ ಗಂಡ ಸುದ್ದಿ ತಿಳಿದು ಬಾಡಿಗೆ ಬಿಟ್ಟು ಬಂದಿದ್ದಾನೆ. ಅಟ್ಟದಿಂದ ಡಬ್ಬಿ ಇಳಿಸಿದ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನೇ ಹಾಲು ಕಲಸುತ್ತಾನೆ. ನನ್ನ ಕೈ ಇನ್ನು ಆ ಬಾಟಲಿ ಮುಟ್ಟುವುದಿಲ್ಲ.

ಅಪ್ಪ


ಜುಲೈ 6

ಅಪ್ಪಾ,

ರೇಡಿಯೋದಲ್ಲಿ ಸ್ವಂತ ಮಾತಾಡಿದ್ದಕ್ಕೆ ಮೆಮೋ ಬಂದಿದೆ. ಕೆಳಗಿನ ಕಚೇರಿಗೆ ಬಂದು ಉತ್ತರ ಕೊಡಬೇಕಂತೆ, ಬದಲಿಯವರು ಮುಂದಿನ ವಾರದ ಜೀಪಿನಲ್ಲಿ ಬರುತ್ತಾರಂತೆ. ಹಿರಿಯರು ಮೆಮೋ ಓದಿ ಮಡಚಿ ಕೊಟ್ಟು, ಈ ನಾಲ್ಕು ತಿಂಗಳಲ್ಲೇ ಅತಿ ಉದ್ದದ ಮಾತಾಡಿದರು. "ಹೋಗಮ್ಮ. ಇಲ್ಲಿ ಗಾಳಿಯನ್ನ ಯಾರು ಬೇಕಾದ್ರೂ ಅಳೀತಾರೆ."

ಅವತ್ತು ನಾನು ಜೀಪು ಹತ್ತಲಿಲ್ಲ. ರೇಡಿಯೋದಲ್ಲಿ ಉತ್ತರ ಕೇಳಬೇಕು ಅಂದುಕೊಂಡೆ, ಅದು ಅರ್ಧ ನಿಜ. ಕಾಲು ಏಳಲಿಲ್ಲ ಅಪ್ಪಾ. ಇಲ್ಲಿಗೆ ನಾನಾಗಿ ಕೇಳಿ ಬಂದದ್ದು ನಿನಗೆ ಗೊತ್ತಿತ್ತು, ಒಂದು ಸಲವೂ ಆ ಮಾತು ಎತ್ತಿ ಆಡಲಿಲ್ಲ ನೀನು. ಆಸ್ಪತ್ರೆಯಲ್ಲಿ ಅವಳನ್ನು ಮಡಿಲಿಗೆ ಹಾಕಿದಾಗಲೆಲ್ಲ ಮುಖ ಎದೆಯ ಕಡೆ ತಿರುಗಿಸಿ ಬಾಯಿ ತೆರೆಯುತ್ತಿದ್ದಳು. ನಾನು ಗೋಡೆಯ ಕಡೆ ತಿರುಗುತ್ತಿದ್ದೆ. ಮನೆಗೆ ಬಂದ ಮೇಲೂ ಅದೇ. ಎದೆ ತುಂಬಿ ಸೋರುತ್ತಿರುವಾಗ ಮಗುವಿನಿಂದ ಮುಖ ತಿರುಗಿಸುವುದನ್ನು ದಿನಕ್ಕೆಷ್ಟು ಸಲ ಮಾಡಲಿ? ನಿನ್ನ ಕೈಯಲ್ಲಾದರೆ ಅವಳು ಸುಮ್ಮನೆ ಬಾಟಲಿ ಕುಡಿಯುತ್ತಿದ್ದಳು. ಅದಕ್ಕೇ ಓಡಿಬಂದೆ.

ಈಗ ಹಾಲು ಬತ್ತಿದೆ. ಬರುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೂ ನಾನು ಬಂದಾಗ ನೀನು ಬಾಗಿಲಲ್ಲಿರು. ಒಬ್ಬಳೇ ಅವಳ ಮುಂದೆ ಹೋಗಲು ನನಗೆ ಧೈರ್ಯವಿಲ್ಲ.

ನಿನ್ನ ಮಗಳು


ಜುಲೈ 14

ಮಗಳೇ,

ಕಾಗದ ನಿನ್ನ ಗಂಡನ ಕೈಯಲ್ಲಿ ಕೊಟ್ಟು ಹೋಗುತ್ತಿದ್ದೇನೆ. ಬಾಗಿಲಲ್ಲಿರು ಅಂದೆ. ಇರಲಾರೆ. ಸಿಟ್ಟಿದೆ ಅಂತ ಬರೆದೆಯಲ್ಲ, ಅದು ಸರಿ, ಇರಬೇಕಾದ್ದೇ. ಅದನ್ನು ನಿನ್ನ ಮುಖದ ಮೇಲೆ ನೋಡಲಾರೆ.

ನಿನ್ನ ಸೋದರತ್ತೆಯ ಮನೆಗೆ ಹೋಗುತ್ತೇನೆ. ಅಲ್ಲೂ ಒಂದು ಗಿರಣಿ ಇದೆ, ಕೈಗೆ ಕೆಲಸ ಸಿಗುತ್ತದೆ. ಕಾಳು ಬೆಳೆಯಲಿ. ಅವಳಿಗೆ ನನ್ನ ನೆನಪು ಉಳಿಯುವಷ್ಟು ವಯಸ್ಸಾಗಿಲ್ಲ, ಅದೇ ಒಳ್ಳೆಯದು.

ಗಿರಣಿಯ ಬೀಗದ ಕೈ ಮೊಳೆಗೆ ನೇತುಹಾಕಿದ್ದೇನೆ. ಒರಳನ್ನು ಹಿತ್ತಲಿಗೆ ಹಾಕಿದ್ದೇನೆ. ಅವಳಿಗೆ ಎಡಗಡೆ ಹೆಗಲೇ ಇಷ್ಟ.

ಅಪ್ಪ


ಆಗಸ್ಟ್ 2

ಅಪ್ಪಾ,

ಅತ್ತೆಯ ಮನೆಯ ಊಟ ಮಾಡಿ ಸೊರಗಿರುತ್ತೀ, ಮೊದಲಿಂದಲೂ ಅವರ ಕೈಯಲ್ಲಿ ಉಪ್ಪು ನಿಲ್ಲುವುದಿಲ್ಲ. ಆದರೂ ಎರಡು ವಾರ ನಿನಗೆ ಬರೆಯಲಿಲ್ಲ. ಸಿಟ್ಟು ಇಳಿಯಲಿ ಅಂತ ಕಾದೆ. ಅದು ಇಳಿಯುವ ಮೊದಲೇ ನಾನು ಸೋತೆ.

ಕಚೇರಿಯಲ್ಲಿ ಬೈದು ಎಚ್ಚರಿಕೆ ಕೊಟ್ಟು ಬಿಟ್ಟರು. ಇನ್ನು ಕೆಳಗೇ ಕೆಲಸ. ನನ್ನ ಮಾತನ್ನು ತಿರುಗಿ ಒಪ್ಪಿಸಿದ ರೇಡಿಯೋದವರನ್ನು ನೋಡಿದೆ. ಮೀಸೆ ಮೂಡದ ಹುಡುಗನ ದನಿಯವರು, ನೋಡಿದರೆ ತಲೆಯೆಲ್ಲ ನರೆತಿದೆ. "ಕೈ ನಡುಕ ನಿಂತಿದೆ. ಸರಿಯೇ?" ಅಂದರು. ಸರಿ ಅಂದೆ. ಈ ಸಲ ದನಿ ಬಂತು.

ಮನೆಗೆ ಬಂದರೆ ಗಿರಣಿಗೆ ಬೀಗ. ಇವರು ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗೋಧಿ ಬೀಸಿಸಲು ಬಂದವಳನ್ನು ನೋಡುವ ಹಾಗೆ ನೋಡಿದಳು ನನ್ನನ್ನು. ಎತ್ತಿಕೊಂಡೆ, ಚೀರಿದಳು. ಎಡಗಡೆ ಹೆಗಲಿಗೆ ಹಾಕಿದೆ, ಮೈಯನ್ನು ಬಿಲ್ಲು ಮಾಡಿ ಹಿಂದಕ್ಕೆ ಬಾಗಿದಳು. ಬಾಟಲಿ ಕೊಟ್ಟರೆ ನಾಲಿಗೆಯಿಂದ ನೂಕಿದಳು. ಎದೆಯ ಕಡೆ ಒಂದು ಸಲವೂ ತಿರುಗಲಿಲ್ಲ ಅಪ್ಪಾ. ಅದಕ್ಕೇ ಹೆದರಿ ಗುಡ್ಡ ಹತ್ತಿದವಳು ನಾನು. ಈಗ ಒಂದೇ ಒಂದು ಸಲ ತಿರುಗಲಿ ಎಂದು ಅವಳನ್ನು ಮಡಿಲಲ್ಲಿಟ್ಟುಕೊಂಡು ದಿನಗಟ್ಟಲೆ ಕಾದು ಕೂತೆ. ಅವಳು ಮುಖ ತಿರುಗಿಸುತ್ತಿದ್ದದ್ದು ಒಂದೇ ಕಡೆಗೆ, ಗಿರಣಿಯ ಬಾಗಿಲಿಗೆ.

ಇವರ ಕೈಯಲ್ಲಿ ಕುಡಿಯುತ್ತಿದ್ದಳು, ನನ್ನ ಕೈಯಲ್ಲಿ ಇಲ್ಲ. ನಿದ್ದೆ ಮಾತ್ರ ಯಾರ ಕೈಯಲ್ಲೂ ಇಲ್ಲ. ಇವರು ಲಾರಿ ಸ್ಟಾರ್ಟ್ ಮಾಡಿ ಅದರ ಪಕ್ಕ ಮಲಗಿಸಿ ನೋಡಿದರು, ಹೊಗೆಗೆ ನಮಗೆ ಕೆಮ್ಮು ಬಂತೇ ಹೊರತು ಅವಳಿಗೆ ನಿದ್ದೆ ಬರಲಿಲ್ಲ. ಮೊನ್ನೆ ಬೇಕರಿಯಮ್ಮ ಬಂದು ಅಂಗಳದಲ್ಲೇ ಚೀಲ ಕುಕ್ಕಿ, "ಊರಿನ ಹಿಟ್ಟು ಮುಗೀತು, ನಿಮ್ಮನೆ ದುಃಖ ಮುಗೀಲಿಲ್ಲ. ಬೀಗ ತೆಗೀರಿ, ಆಮೇಲೆ ಅಳುವಿರಂತೆ" ಅಂದಳು.

ತೆಗೆದೆ. ಇವರು ಬೆಲ್ಟು ಹಾಕಿದರು, ನಾನು ಗೋಧಿ ಸುರಿದೆ. ಬರೀ ಕಲ್ಲು ಓಡಿಸಬಾರದು, ಸವೆಯುತ್ತದೆ ಎಂದು ನೀನು ಹೇಳಿದ್ದು ನೆನಪಿತ್ತು. ಮೋಟಾರು ಹಿಡಿಯುತ್ತಿದ್ದ ಹಾಗೆ ಕಾಳು ಅಳು ನಿಲ್ಲಿಸಿದಳು. ಚೀಲದ ಕೋಣೆಯನ್ನೆಲ್ಲ ಕಣ್ಣಲ್ಲೇ ಜಾಲಾಡಿದಳು. ನಿನ್ನನ್ನು ಹುಡುಕಿದಳು. ಹಿಟ್ಟು ಹಾರಿ ನನ್ನ ತಲೆ, ರೆಪ್ಪೆ, ಕೆನ್ನೆಯೆಲ್ಲ ಬಿಳಿಯಾಯಿತು. ಕಲ್ಲಿನ ಹತ್ತಿರದಿಂದ ಇವರ ಕಡೆ ತಿರುಗಿದಾಗ, ಇವರ ತೋಳಿನಲ್ಲಿದ್ದವಳು ನನ್ನನ್ನೇ ನೋಡಿದಳು. ಕೈ ಚಾಚಿದಳು. ನನ್ನ ಕೆನ್ನೆಯ ಹಿಟ್ಟನ್ನು ಬೆರಳಿಂದ ಮುಟ್ಟಿ, ಬೆರಳು ಬಾಯಿಗಿಟ್ಟುಕೊಂಡು, ನನ್ನ ಎಡಗಡೆ ಹೆಗಲಿಗೆ ತಲೆ ಹಾಕಿದಳು. ಬೆರಳು ನಡುಗುತ್ತಿರಲಿಲ್ಲ, ನಾನು ಹಿಡಿದು ನೋಡಿದೆ. ಹಾಗೇ ಚೀಲದ ಮೇಲೆ ಕೂತು ಬಾಟಲಿ ಕೊಟ್ಟೆ. ತಳ ಕಾಣುವವರೆಗೂ ಕುಡಿದಳು.

ನಾನು ಅತ್ತುಬಿಟ್ಟೆ. ಹಿಟ್ಟು ಒದ್ದೆಯಾಗಿ ಮುಖಕ್ಕೆಲ್ಲ ಮೆತ್ತಿಕೊಂಡಿತು. ಬೇಕರಿಯಮ್ಮ ನೋಡಿ, "ಇನ್ನು ಬೇಯಿಸೋದೊಂದೇ ಬಾಕಿ" ಅಂದಳು.

ಇವಳ ಲೋಕದಲ್ಲಿ ಮೈಗೆ ಹಿಟ್ಟು ಮೆತ್ತಿದವರು ತನ್ನವರು ಅಪ್ಪಾ. ಅದನ್ನು ಕಲಿಸಿದವನು ನೀನು. ನಾನು ಅವಳಿಗೆ ಗೊತ್ತಾದದ್ದೇ ನಿನ್ನ ಬಣ್ಣ ಹಚ್ಚಿಕೊಂಡ ಮೇಲೆ. ಈಗ ದಿನಾ ಬೆಳಿಗ್ಗೆ ಒಂದು ಹಿಡಿ ಹಿಟ್ಟು ಕೆನ್ನೆಗೆ ಬಳಿದುಕೊಂಡೇ ಹಾಲು ಕಲಸುತ್ತೇನೆ. ಕುಡಿದಾದ ಮೇಲೆ ಬಾಗಿಲು ನೋಡುತ್ತಾಳೆ. ಅವಳಿಗೆ ನೆನಪು ಉಳಿಯುವ ವಯಸ್ಸಲ್ಲ ಅಂತ ಬರೆದೆಯಲ್ಲ, ಬಂದು ಅವಳಿಗೇ ಹೇಳು.

ಕೊನೆಯದಾಗಿ ಒಂದು ಕೆಲಸ. ಡಬ್ಬಿ ಮುಗಿಯುತ್ತಾ ಬಂತು, ಈ ವಾರಕ್ಕೆ ಸಾಕಾಗುತ್ತದೆ. ಇವರು ಪಟ್ಟಣಕ್ಕೆ ಹೋಗಿ ತರುತ್ತೇನೆ ಅಂದರು, ಬೇಡ ಅಂದೆ. ಅತ್ತೆಯ ಊರಿನ ಬಸ್ ನಿಲ್ದಾಣದ ಪಕ್ಕ ದೊಡ್ಡ ಔಷಧಿ ಅಂಗಡಿಯಿದೆ. ಅಲ್ಲಿ ನೀಲಿ ಮುಚ್ಚಳದ್ದು ಕೇಳು. ಮೇಲೆ ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದು, ತಾರೀಖು ನೋಡು, ಅನುಮಾನ ಬಂದರೆ ಅಂಗಡಿಯವರನ್ನು ಕೇಳು. ಎರಡು ತಗೊ. ಚೀಲದಲ್ಲಿ ಮಗ್ಗುಲಾಗಿ ಇಡಬೇಡ.

ಬುಧವಾರದ ಬಸ್ಸಿಗೆ ಬಾ. ನಾವಿಬ್ಬರೂ ಬಾಗಿಲಲ್ಲಿರುತ್ತೇವೆ.

ನಿನ್ನ ಮಗಳು